ಡಾಕ್ಟರು ‘ಹೋಗಬಹುದು’ ಅಂದ ಮೇಲಿನ ಎರಡೂಮುಕ್ಕಾಲು ವರ್ಷ

1993ರ ಮೇ ಹೊತ್ತಿಗೆ ಲೋಯಿಸ್ ಕರ್ಟಿಸ್ ಅವರ ಕಾಯಿಲೆ ಹತೋಟಿಗೆ ಬಂದಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಜಾರ್ಜಿಯಾ ರೀಜನಲ್ ಹಾಸ್ಪಿಟಲ್ ಅಂತ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅಲ್ಲಿ ದಾಖಲಾಗಿ ಅವರಿಗೆ ಒಂದು ವರ್ಷವಾಗಿತ್ತು. ನೋಡಿಕೊಳ್ಳುತ್ತಿದ್ದ ವೈದ್ಯರ ತಂಡವೇ ಒಪ್ಪಿತು: ಇವರಿಗೆ ಇನ್ನು ಆಸ್ಪತ್ರೆ ಬೇಡ. ಊರೊಳಗೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವುದಾದರೂ ಕಾರ್ಯಕ್ರಮದ ಆಸರೆ ಸಿಕ್ಕರೆ ಇವರು ಹೊರಗೇ ಇರಬಹುದು.

ಅವರು ಆಸ್ಪತ್ರೆ ಬಿಟ್ಟಿದ್ದು 1996ರ ಫೆಬ್ರುವರಿಯಲ್ಲಿ.

ನಡುವಿನ ಆ ಎರಡೂಮುಕ್ಕಾಲು ವರ್ಷವೇ ಈ ಪ್ರಕರಣ. ಅಪರಾಧ ಮಾಡಿದವರಲ್ಲ, ಚಿಕಿತ್ಸೆ ಬಾಕಿ ಇದ್ದವರೂ ಅಲ್ಲ. ಆದರೂ ಬಾಗಿಲಾಚೆ ಹೋಗಲು ಆಗಲಿಲ್ಲ. ಯಾಕೆ ಅಂತ ಒಬ್ಬ ವಕೀಲೆ ಕೋರ್ಟಿನಲ್ಲಿ ಕೇಳಿದರು. ಆ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಿಕಲಚೇತನರು ಎಲ್ಲಿ, ಯಾರ ಜೊತೆ, ಯಾರ ನೆರವಿನಲ್ಲಿ ಬದುಕಬೇಕು ಅನ್ನುವ ಚರ್ಚೆ ಆ ದೇಶದಲ್ಲಿ ಈಗಲೂ ಈ ಪ್ರಕರಣದಿಂದಲೇ ಶುರುವಾಗುತ್ತದೆ. ಅಲ್ಲಿ ಇದನ್ನು ‘ಓಮ್‌ಸ್ಟೆಡ್ ಕೇಸ್’ ಅನ್ನುತ್ತಾರೆ. ಟಾಮಿ ಓಮ್‌ಸ್ಟೆಡ್ ಅನ್ನುವವರು ಆಗ ಜಾರ್ಜಿಯಾದ ಮಾನವ ಸಂಪನ್ಮೂಲ ಇಲಾಖೆಯ ಕಮಿಷನರ್. ದಾವೆ ಅವರ ಹೆಸರಿನ ಮೇಲೆ ನಡೆಯಿತು. ನನಗೆ ಮಾತ್ರ ಇದನ್ನು ಲೋಯಿಸ್ ಮತ್ತು ಅವರ ಜೊತೆ ದಾವೆ ನಡೆಸಿದ ಇಲೇನ್ ವಿಲ್ಸನ್, ಈ ಇಬ್ಬರು ಹೆಂಗಸರ ಹೆಸರಿನಿಂದ ಕರೆಯೋದೇ ಸರಿ ಅನ್ನಿಸುತ್ತದೆ.

ಇಬ್ಬರು ಯಾರು

ಲೋಯಿಸ್ ಹುಟ್ಟಿದ್ದು 1967ರಲ್ಲಿ. ಬೌದ್ಧಿಕ ಅಸಾಮರ್ಥ್ಯ ಇತ್ತು, ಜೊತೆಗೆ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ. ಚಿಕ್ಕಂದಿನಲ್ಲಿ ಮನೆ ಬಿಟ್ಟು ಹೊರಟುಹೋಗುತ್ತಿದ್ದರು. ಮನೆಯವರು ಪೊಲೀಸರಿಗೆ ಹೇಳಬೇಕಾಗುತ್ತಿತ್ತು. ಹದಿಹರೆಯದಿಂದಲೇ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಓಡಾಟ. ಮನೆಗೇ ಬಂದು ನೆರವಾಗುವವರು ಯಾರೂ ಇರಲಿಲ್ಲ. ಹಾಗಾಗಿ ಪ್ರತಿ ಸಲವೂ ಉಳಿಯುತ್ತಿದ್ದ ದಾರಿ ಒಂದೇ, ಆಸ್ಪತ್ರೆ. 1992ರ ಮೇನಲ್ಲಿ ಮತ್ತೆ ಸೇರಿದಾಗ ಅವರಿಗೆ 24 ವರ್ಷ. ಕಾಗದದ ಮೇಲೆ ಅದು ಸ್ವಇಚ್ಛೆಯ ದಾಖಲಾತಿ. ಸ್ವಂತ ಇಚ್ಛೆಯಿಂದ ಸೇರಿದವರು ಸ್ವಂತ ಇಚ್ಛೆಯಿಂದ ಹೊರಡಬಹುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹೋಗೋದಕ್ಕೆ ಒಂದು ಜಾಗ ಇದ್ದರೆ ಮಾತ್ರ ಆ ಮಾತಿಗೆ ಬೆಲೆ.

ಇಲೇನ್ ವಿಲ್ಸನ್ ವಯಸ್ಸಿನಲ್ಲಿ ದೊಡ್ಡವರು. ಅವರಿಗೂ ಬೌದ್ಧಿಕ ಅಸಾಮರ್ಥ್ಯ ಇತ್ತು, ಜೊತೆಗೆ ವ್ಯಕ್ತಿತ್ವದ ತೊಂದರೆ ಅಂತ ವೈದ್ಯರು ಗುರುತಿಸಿದ್ದರು. ಅವರು ಅದೇ ಆಸ್ಪತ್ರೆ ಸೇರಿದ್ದು 1995ರ ಫೆಬ್ರುವರಿಯಲ್ಲಿ. ಮುಂದಿನ ತಿಂಗಳೇ ಆಸ್ಪತ್ರೆ ಅವರನ್ನು ಡಿಸ್ಚಾರ್ಜ್ ಮಾಡಲು ಹೊರಟಿತು. ಎಲ್ಲಿಗೆ? ಮನೆಮಠ ಇಲ್ಲದವರು ರಾತ್ರಿ ಮಲಗುವ ಶೆಲ್ಟರ್‌ಗೆ. ಅವರ ವಕೀಲರು ದೂರು ಕೊಟ್ಟ ಮೇಲೆ ಆಸ್ಪತ್ರೆ ಆ ಯೋಚನೆ ಕೈಬಿಟ್ಟಿತು. 1996ರ ಹೊತ್ತಿಗೆ ಇವರ ವೈದ್ಯರೂ ಸಮುದಾಯದೊಳಗೆ ಚಿಕಿತ್ಸೆ ಕೊಡಬಹುದು ಅಂದರು. ಆದರೂ ಕೆಳಗಿನ ಕೋರ್ಟಿನ ತೀರ್ಪು 1997ರಲ್ಲಿ ಬಂದು ಕೆಲವು ತಿಂಗಳಾಗುವವರೆಗೆ ಇಲೇನ್ ಒಳಗೇ ಇದ್ದರು.

ಈ ಶೆಲ್ಟರ್ ವಿಷಯ ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲೇ ಇಟ್ಟುಕೊಳ್ಳೋದು, ಇಲ್ಲ ಬೀದಿಗೆ ಬಿಡೋದು. ಆಗಿನ ವ್ಯವಸ್ಥೆಗೆ ಕಂಡಿದ್ದು ಈ ಎರಡೇ ದಾರಿ. ಇವೆರಡರ ಮಧ್ಯೆ ಏನು ಕಟ್ಟಬೇಕು ಅನ್ನೋದೇ ಈ ಪ್ರಕರಣದ ತಿರುಳು.

ದುಡ್ಡು ಯಾವ ಕಡೆ ಹರಿಯುತ್ತಿತ್ತು

ವೈದ್ಯರು ಕೆಟ್ಟವರಿರಲಿಲ್ಲ. ‘ಹೋಗಬಹುದು’ ಅಂತ ಬರೆದುಕೊಟ್ಟವರೇ ಅವರು. ತಡೆ ಇದ್ದದ್ದು ಬೇರೆ ಕಡೆ.

ಅಮೆರಿಕದಲ್ಲಿ ಬಡವರ ಮತ್ತು ವಿಕಲಚೇತನರ ಚಿಕಿತ್ಸೆಯ ಖರ್ಚು ಮುಖ್ಯವಾಗಿ ಮೆಡಿಕೇಡ್ ಅನ್ನುವ ಯೋಜನೆಯಿಂದ ಬರುತ್ತದೆ. 1965ರಲ್ಲಿ ಶುರುವಾದ ಯೋಜನೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಖರ್ಚು ಹಂಚಿಕೊಳ್ಳುತ್ತವೆ. ಅದರ ನಿಯಮವೇ ಒಂದು ಕಡೆಗೆ ವಾಲಿದೆ. ಅರ್ಹತೆ ಇದ್ದವರು ನರ್ಸಿಂಗ್ ಹೋಮ್ (ಅಲ್ಲಿ ಇದು ದೀರ್ಘಕಾಲ ಆರೈಕೆ ಬೇಕಾದವರು ಉಳಿಯುವ ಸಂಸ್ಥೆ) ಸೇರಿದರೆ ರಾಜ್ಯ ದುಡ್ಡು ಕೊಡಲೇಬೇಕು. ಅದೇ ವ್ಯಕ್ತಿ ಮನೆಯಲ್ಲಿದ್ದುಕೊಂಡು ಸ್ನಾನಕ್ಕೆ, ಅಡುಗೆಗೆ, ಮಾತ್ರೆ ತೆಗೆದುಕೊಳ್ಳೋದಕ್ಕೆ ಸಹಾಯಕರು ಬೇಕು ಅಂದರೆ ಆ ನೆರವಿನ ಬಹುಪಾಲು ರಾಜ್ಯದ ಇಷ್ಟಕ್ಕೆ ಬಿಟ್ಟದ್ದು.

ಇದು ಎಷ್ಟು ವಿಚಿತ್ರ ಅಂತ ಇಡೀ ದೇಶಕ್ಕೆ ಗೊತ್ತಾಗಿದ್ದು 1981ರಲ್ಲಿ, ಐಯೋವಾ ರಾಜ್ಯದ ಕೇಟಿ ಬೆಕೆಟ್ ಅನ್ನುವ ಪುಟ್ಟ ಹುಡುಗಿಯಿಂದ. ಉಸಿರಾಟಕ್ಕೆ ವೆಂಟಿಲೇಟರ್ ಬೇಕಿದ್ದ ಮಗು. ಆಸ್ಪತ್ರೆಯಲ್ಲಿದ್ದರೆ ಮೆಡಿಕೇಡ್ ದುಡ್ಡು ಕೊಡುತ್ತಿತ್ತು. ಮನೆಯಲ್ಲಿ ನೋಡಿಕೊಂಡರೆ ಖರ್ಚು ಕಡಿಮೆ, ಆದರೆ ಆಗ ಕೊಡುತ್ತಿರಲಿಲ್ಲ. ಅಧ್ಯಕ್ಷ ರೇಗನ್ ಅವರೇ ಈ ಮಗುವಿನ ವಿಷಯ ಎತ್ತಿ ಮಾತಾಡಿದರು. ಅದೇ ವರ್ಷ ಕಾನೂನಿಗೆ ತಿದ್ದುಪಡಿಯೂ ಬಂತು. ರಾಜ್ಯಗಳು ಬಯಸಿದರೆ ವಿಶೇಷ ಅನುಮತಿ ಪಡೆದು ಮೆಡಿಕೇಡ್ ದುಡ್ಡನ್ನು ಮನೆಯ ಮತ್ತು ಸಮುದಾಯದ ಸೇವೆಗೆ ಬಳಸಬಹುದು. ಇದನ್ನು ಅಲ್ಲಿ ‘ವೇವರ್’ ಅನ್ನುತ್ತಾರೆ. ಆದರೆ ಎಷ್ಟು ಜನಕ್ಕೆ ಕೊಡಬೇಕು ಅನ್ನೋದನ್ನು ರಾಜ್ಯವೇ ಮಿತಿ ಹಾಕಬಹುದು. ಮಿತಿ ದಾಟಿದವರು ವೇಟಿಂಗ್ ಲಿಸ್ಟ್‌ನಲ್ಲಿ.

ಇನ್ನೂ ಹಿಂದಿನ ಕಥೆ ಒಂದಿದೆ. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಜಾರ್ಜಿಯಾದ ಮಿಲ್ಲೆಡ್ಜ್‌ವಿಲ್ ಊರಿನ ಆಸ್ಪತ್ರೆಯೊಂದರಲ್ಲೇ 1960ರ ದಶಕದಲ್ಲಿ ಸುಮಾರು 12,000 ಮಂದಿ. ಅಲ್ಲಿ ಸತ್ತವರನ್ನು ಅಲ್ಲೇ ಹೂಳುತ್ತಿದ್ದರು. ಗುರುತಿಗೆ ಹೆಸರಿಲ್ಲ, ನಂಬರ್ ಕೊರೆದ ಕಬ್ಬಿಣದ ಗೂಟ. 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದರು. ಆಸ್ಪತ್ರೆಗಳು ಖಾಲಿಯಾಗತೊಡಗಿದವು. ಆದರೆ ಹೊರಗೆ ಕಟ್ಟಬೇಕಿದ್ದ ಕೇಂದ್ರಗಳಿಗೆ ಬೇಕಾದಷ್ಟು ದುಡ್ಡು ಬರಲೇ ಇಲ್ಲ. ಎಷ್ಟೋ ಜನ ರಸ್ತೆಗೆ ಬಿದ್ದರು, ಎಷ್ಟೋ ಜನ ಜೈಲು ಸೇರಿದರು. ಹಾಗಾಗಿ 1990ರ ದಶಕದಲ್ಲಿ ‘ಹೊರಗೆ ಕಳಿಸಿ’ ಅನ್ನುವ ಮಾತು ಕೇಳಿದರೆ ಕೆಲವು ವೈದ್ಯರಿಗೆ, ಕೆಲವು ಪೋಷಕರಿಗೆ ಭಯವಾಗುತ್ತಿತ್ತು. ಆ ಭಯಕ್ಕೆ ಕಾರಣವಿತ್ತು.

ದಾವೆ

ಸ್ಯೂ ಜೇಮಿಸನ್ ಅಟ್ಲಾಂಟಾ ಲೀಗಲ್ ಏಡ್ ಸೊಸೈಟಿಯ ವಕೀಲೆ. ಬಡವರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಸಂಸ್ಥೆ ಅದು. ಲೋಯಿಸ್ ಅವರನ್ನು ಭೇಟಿಯಾದಾಗೆಲ್ಲ ಜೇಮಿಸನ್‌ಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ನಾನು ಇಲ್ಲಿಂದ ಯಾವಾಗ ಹೊರಗೆ ಹೋಗೋದು?

1995ರ ಮೇನಲ್ಲಿ ದಾವೆ ಹೂಡಿದರು. ಆಧಾರ, 1990ರಲ್ಲಿ ಬಂದ ಅಮೆರಿಕದ ವಿಕಲಚೇತನರ ಕಾಯಿದೆ. ಸರ್ಕಾರಿ ಸೇವೆಗಳಲ್ಲಿ ವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಅದರ ಕೆಳಗಿನ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ, ಉಳಿದವರ ಜೊತೆ ಸಾಧ್ಯವಾದಷ್ಟು ಬೆರೆತು ಬಾಳುವ ಜಾಗದಲ್ಲೇ ಸೇವೆ ಕೊಡಬೇಕು. ಇಲೇನ್ ಆಮೇಲೆ ಈ ದಾವೆಗೆ ಸೇರಿಕೊಂಡರು.

ರಾಜ್ಯದ ವಾದ ಹೀಗಿತ್ತು. ನಾವು ಯಾರನ್ನೂ ವೈಕಲ್ಯದ ಕಾರಣಕ್ಕೆ ತಡೆದಿಲ್ಲ, ಹೊರಗಿನ ಕಾರ್ಯಕ್ರಮಕ್ಕೆ ದುಡ್ಡು ಸಾಲದು ಅಷ್ಟೇ. ದುಡ್ಡಿಲ್ಲದೆ ಇರೋದು ತಾರತಮ್ಯ ಹೇಗಾಗುತ್ತದೆ? ಕೇಳಿದ ತಕ್ಷಣ ಸರಿ ಅನ್ನಿಸುವ ವಾದ. ಜಿಲ್ಲಾ ನ್ಯಾಯಾಧೀಶ ಮಾರ್ವಿನ್ ಶೂಬ್ 1997ರಲ್ಲಿ ಇದನ್ನು ಒಪ್ಪಲಿಲ್ಲ. ಈ ಇಬ್ಬರಿಗೆ ಬೇಕಾದಂಥ ಕಾರ್ಯಕ್ರಮಗಳು ರಾಜ್ಯದಲ್ಲಿ ಆಗಲೇ ಇವೆ ಅಂದರು. ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಇವರಿಗೆ ಹೊರಗೆ ಸೇವೆ ಕೊಡಬಹುದು ಅಂತಲೂ ಹೇಳಿದರು. ರಾಜ್ಯ ಮೇಲ್ಮನವಿ ಹೋಯಿತು. ಕೊನೆಗೆ 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವಾದ ಕೇಳಿತು. ಆಗ ಇಬ್ಬರೂ ಹೊರಗೇ ಇದ್ದರು. ಆದರೂ ಕೇಸ್ ಮುಗಿದಿಲ್ಲ ಅಂತ ಕೋರ್ಟ್ ಅಂದುಕೊಂಡಿತು. ಇವರು ಎಷ್ಟು ಸಲ ಒಳಗೆ ಹೋಗಿ ಬಂದವರು ಅನ್ನೋದು ನೋಡಿದರೆ ಮತ್ತೆ ಹಾಗೇ ಆಗಬಹುದು ಅನ್ನೋದು ಕಾರಣ.

1999ರ ಜೂನ್ 22ರಂದು ತೀರ್ಪು ಬಂತು. ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್.

ಕಾರಣವಿಲ್ಲದೆ ಜನರನ್ನು ಸಂಸ್ಥೆಯೊಳಗೆ ಇಟ್ಟುಕೊಳ್ಳೋದೇ ತಾರತಮ್ಯ ಅಂತ ತೀರ್ಪು ಹೇಳಿತು. ಕಾರಣ ಎರಡು. ಒಂದು, ಹಾಗೆ ಇಟ್ಟಾಗ ‘ಇವರು ಊರಿನ ಬದುಕಿಗೆ ಲಾಯಕ್ಕಲ್ಲ’ ಅನ್ನುವ ತಪ್ಪು ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡು, ಸಂಸ್ಥೆಯೊಳಗಿನ ಬದುಕು ಮನೆಯವರ ಒಡನಾಟ, ಸ್ನೇಹ, ಕೆಲಸ, ಸ್ವಂತ ದುಡಿಮೆ, ಓದು, ಹಾಡು-ಹಬ್ಬ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ. ನನಗೆ ಮುಖ್ಯ ಅನ್ನಿಸೋದು ಎರಡನೆಯದು. ಚಿಕಿತ್ಸೆ ಬೇಕಾದ ಬೇರೆಯವರು ಇದನ್ನೆಲ್ಲ ಬಿಟ್ಟುಕೊಡದೆ ಚಿಕಿತ್ಸೆ ಪಡೆಯುತ್ತಾರೆ. ಮಾನಸಿಕ ಅಸಾಮರ್ಥ್ಯ ಇರುವವರು ಮಾತ್ರ ಚಿಕಿತ್ಸೆ ಬೇಕು ಅಂದರೆ ಬದುಕನ್ನೇ ಬಿಟ್ಟುಕೊಡಬೇಕು. ಅದೇ ತಾರತಮ್ಯ ಅಂತ ಕೋರ್ಟ್ ಗುರುತಿಸಿತು.

ಹಾಗಂತ ಎಲ್ಲರನ್ನೂ ನಾಳೆಯೇ ಹೊರಗೆ ಬಿಡಿ ಅಂತ ತೀರ್ಪು ಹೇಳಲಿಲ್ಲ. ಮೂರು ಷರತ್ತು ಹಾಕಿತು. ರಾಜ್ಯದ ಕಡೆಯ ತಜ್ಞರೇ ‘ಇವರು ಹೊರಗೆ ಇರಬಹುದು’ ಅನ್ನಬೇಕು. ಆ ವ್ಯಕ್ತಿ ‘ಬೇಡ’ ಅನ್ನಬಾರದು. ರಾಜ್ಯದ ಬಳಿ ಇರುವ ಹಣ ಮತ್ತು ಉಳಿದವರ ಅಗತ್ಯ ನೋಡಿಕೊಂಡು ವ್ಯವಸ್ಥೆ ಮಾಡಲು ಸಾಧ್ಯವಿರಬೇಕು. ಜೊತೆಗೆ ಇನ್ನೊಂದು ಮಾತು. ರಾಜ್ಯದ ಬಳಿ ನಿಜವಾಗಿ ನಡೆಯುತ್ತಿರುವ ಒಂದು ಯೋಜನೆ ಇರಲಿ, ವೇಟಿಂಗ್ ಲಿಸ್ಟ್ ಇದ್ದರೂ ಅದು ಸರಿಯಾದ ವೇಗದಲ್ಲಿ ಮುಂದೆ ಹೋಗುತ್ತಿರಲಿ. ಆಸ್ಪತ್ರೆಯ ಹಾಸಿಗೆ ಭರ್ತಿಯಾಗಿ ಇರಲಿ ಅಂತ ಆ ಪಟ್ಟಿಯನ್ನು ನಿಧಾನ ಮಾಡುವಂತಿಲ್ಲ.

ಇಲೇನ್ ಅವರ ಶೆಲ್ಟರ್ ಈ ತೀರ್ಪಿನಲ್ಲೂ ಬರುತ್ತದೆ. ಜನರನ್ನು ಮನೆಯಿಲ್ಲದವರ ಶೆಲ್ಟರ್‌ನಂಥ ಹೊಂದದ ಜಾಗಕ್ಕೆ ದೂಡೋದು ಈ ಕಾಯಿದೆಯ ಉದ್ದೇಶ ಖಂಡಿತ ಅಲ್ಲ ಅಂತ ಗಿನ್ಸ್‌ಬರ್ಗ್ ಬರೆದರು. ನ್ಯಾಯಮೂರ್ತಿ ಆಂಟನಿ ಕೆನಡಿ ಬೇರೆಯಾಗಿ ಬರೆದು ಇನ್ನೂ ಬಲವಾಗಿ ಎಚ್ಚರಿಸಿದರು. ದಾವೆಯ ಭಯಕ್ಕೆ ರಾಜ್ಯಗಳು ಬೆಂಬಲವೇ ಇಲ್ಲದ ಕಡೆಗೆ ಜನರನ್ನು ಕಳಿಸಿಬಿಟ್ಟರೆ ಅದು ದೊಡ್ಡ ದುರಂತ ಅಂದರು. ಮುಂದೆ ಜಾರ್ಜಿಯಾದಲ್ಲಿ ಏನಾಯಿತು ಅಂತ ನೋಡಿದರೆ ಆ ಮಾತಿನ ಬೆಲೆ ಗೊತ್ತಾಗುತ್ತದೆ.

ಹೊರಗಿನ ಬದುಕು

ಕೇಸ್ ರಾಜಿಯಾಗುವ ಹೊತ್ತಿಗೆ ಇಲೇನ್ ಮತ್ತು ಲೋಯಿಸ್ ಇಬ್ಬರೂ ನ್ಯಾಯಾಧೀಶ ಶೂಬ್ ಅವರ ಕೋರ್ಟಿಗೆ ಬಂದು ಮಾತಾಡಿದರು. ಒಳಗೆ ಇದ್ದಾಗ ಚಿಕ್ಕ ಡಬ್ಬಿಯೊಳಗೆ ಕೂತ ಹಾಗಿತ್ತು, ಹೊರಗೆ ಬರೋ ದಾರಿಯೇ ಕಾಣುತ್ತಿರಲಿಲ್ಲ ಅಂತ ಇಲೇನ್ ಹೇಳಿದರು. ಈಗ? ತನ್ನ ಬಟ್ಟೆ ತಾನೇ ಆರಿಸಿಕೊಳ್ಳಬಹುದು. ಹುಟ್ಟುಹಬ್ಬಕ್ಕೆ ಮನೆಯವರ ಜೊತೆ ಇರಬಹುದು. ಬೇಕು ಅನ್ನಿಸಿದಾಗ ಕೂಲ್-ಏಡ್ ಪುಡಿ ಕದಡಿ ಶರಬತ್ತು ಮಾಡಿಕೊಳ್ಳಬಹುದು, ಒಂದು ಸುತ್ತು ಅಡ್ಡಾಡಿ ಬರಬಹುದು. ಅವರ ಬದುಕು ಆಮೇಲೆ ಬಹಳ ವರ್ಷ ಇರಲಿಲ್ಲ. ಇದ್ದಷ್ಟು ದಿನ ಮನೆಯಲ್ಲಿದ್ದರು.

ಲೋಯಿಸ್ ತಮ್ಮ ದಿನಚರಿಯನ್ನು ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಬೆಳಿಗ್ಗೆ ಎದ್ದು ಜೋಳದ ತರಿಯ ಗಂಜಿ, ಮೊಟ್ಟೆ, ಸಾಸೇಜ್ ಮಾಡಿಕೊಳ್ಳೋದು. ಮನೆ ಗುಡಿಸೋದು. ಚಿತ್ರ ಬಿಡಿಸೋದು, ಮಾರೋದು, ಮಾರಲು ಬೇರೆ ಊರಿಗೂ ಹೋಗೋದು. ಚರ್ಚಿಗೆ ಹೋಗಿ ಗಟ್ಟಿಯಾಗಿ ಹಾಡೋದು. ಬೇಸಿಗೆಯಲ್ಲಿ ಈಜುಕೊಳದ ನೀರಿಗೆ ಕಾಲು ಇಳಿಬಿಟ್ಟು ಕೂರೋದು. ಈಗ ದೊಡ್ಡ ನಾಯಿ ಕಂಡರೆ ಭಯ ಇಲ್ಲ ಅಂತಲೂ ಹೇಳಿದ್ದಾರೆ.

ಇದರಲ್ಲಿ ಒಂದೊಂದರ ಹಿಂದೆಯೂ ಯಾರದ್ದೋ ಕೆಲಸ ಇದೆ. ಅಲ್ಲಿ ಸ್ವಲ್ಪ ನಿಲ್ಲಬೇಕು. ಒಲೆ ಹಚ್ಚಲು ಕಲಿಸಿದವರು ಯಾರೋ ಇರುತ್ತಾರೆ. ಮಾತ್ರೆ ತಪ್ಪದ ಹಾಗೆ ನೋಡುವವರು, ಬಾಡಿಗೆ ಕಟ್ಟಲು ಜೊತೆಯಾಗುವವರು, ಚಿತ್ರ ಮಾರಲು ಕಾರಿನಲ್ಲಿ ಕರೆದುಕೊಂಡು ಹೋಗುವವರು ಇರುತ್ತಾರೆ. ಲೋಯಿಸ್ ಹೊರಗೆ ಬಂದ ಮೊದಲ ದಿನದಿಂದಲೇ ಎಲ್ಲ ಸರಿಹೋಯಿತು ಅಂತಲ್ಲ. ಗ್ರೂಪ್ ಹೋಮ್ (ಕೆಲವರು ಒಟ್ಟಿಗೆ, ನೆರವಿನವರ ಜೊತೆ ಇರುವ ಮನೆ), ಬೇರೆಯವರ ಮನೆ ಹೀಗೆ ಜಾಗ ಬದಲಾಯಿಸಬೇಕಾಯಿತು. ನಿಧಾನವಾಗಿ ಅವರ ಸುತ್ತ ಒಂದು ಸ್ನೇಹಿತರ ಬಳಗ ಕೂಡಿತು. ಸಂಬಳ ಪಡೆಯುವ ಸಹಾಯಕರೂ ಇದ್ದರು, ಸುಮ್ನೆ ಪ್ರೀತಿಗೆ ಬರುವವರೂ ಇದ್ದರು. ಅವರೆಲ್ಲ ಸೇರಿ ಲೋಯಿಸ್‌ಗೆ ಏನು ಇಷ್ಟ, ಮುಂದೇನು ಬೇಕು ಅಂತ ಅವರನ್ನೇ ಕೇಳಿ ಯೋಜನೆ ಹಾಕುತ್ತಿದ್ದರು. ಚಿತ್ರಕಲೆ ಹವ್ಯಾಸವಾಗಿ ಉಳಿಯದೆ ಸ್ವಂತ ದುಡಿಮೆಯಾಗಿದ್ದು ಹೀಗೆ. ಕೊನೆಗೆ ಬಾಡಿಗೆ ಮನೆಯಲ್ಲಿ, ನೆರವಿನವರ ಜೊತೆ, ತಮ್ಮದೇ ಸಂಸಾರ ನಡೆಸಿದರು.

2011ರ ಜೂನ್‌ನಲ್ಲಿ ಅವರು ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ಒಬಾಮಾ ಅವರಿಗೆ ತಾವೇ ಬಿಡಿಸಿದ ಚಿತ್ರ ಕೊಟ್ಟರು. ಕಿತ್ತಳೆ ಬಣ್ಣದ ಉಡುಪು ತೊಟ್ಟ ಹುಡುಗಿಯ ಚಿತ್ರ. 2022ರ ನವೆಂಬರ್ 3ರಂದು ಅಟ್ಲಾಂಟಾ ಪಕ್ಕದ ಕ್ಲಾರ್ಕ್‌ಸ್ಟನ್‌ನಲ್ಲಿ, ತಮ್ಮ ಮನೆಯಲ್ಲೇ, ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ 55 ವರ್ಷ.

ಅದೇ ರಾಜ್ಯ, ಹತ್ತು ವರ್ಷದ ನಂತರ

ಲೋಯಿಸ್ ಗೆದ್ದರು. ಜಾರ್ಜಿಯಾ ಬದಲಾಯಿತೇ? ಸ್ವಲ್ಪ ಬದಲಾಯಿತು. ಕಾಯಿಲೆಯನ್ನು ತಾವೇ ಅನುಭವಿಸಿ ಚೇತರಿಸಿಕೊಂಡವರು ತರಬೇತಿ ಪಡೆದು ಇನ್ನೊಬ್ಬರಿಗೆ ಜೊತೆಯಾಗುವ ಕೆಲಸವಿದೆ. ಅದಕ್ಕೆ ಮೆಡಿಕೇಡ್‌ನಿಂದ ಸಂಬಳ ಕೊಡಿಸಿದ ಮೊದಲ ರಾಜ್ಯ ಇದೇ ಜಾರ್ಜಿಯಾ, 1999ರಲ್ಲೇ. ಆದರೆ ಆಸ್ಪತ್ರೆಗಳು ಹಾಗೇ ನಡೆಯುತ್ತಿದ್ದವು, ಜನ ಜಾಸ್ತಿ, ಸಿಬ್ಬಂದಿ ಕಡಿಮೆ. 2007ರಲ್ಲಿ ಅಟ್ಲಾಂಟಾದ ದಿನಪತ್ರಿಕೆಯೊಂದು ದಾಖಲೆಗಳನ್ನು ಜಾಲಾಡಿ ಬರೆಯಿತು: ಐದು ವರ್ಷದಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿ ಕನಿಷ್ಠ 115 ರೋಗಿಗಳು ಅನುಮಾನ ಬರುವಂಥ ಸ್ಥಿತಿಯಲ್ಲಿ ಸತ್ತಿದ್ದಾರೆ. ಕೇಂದ್ರ ನ್ಯಾಯ ಇಲಾಖೆ ತನಿಖೆಗೆ ಬಂತು. ತನಿಖೆಗೆ ಒಳಗಾದ ಆಸ್ಪತ್ರೆಗಳಲ್ಲಿ ಲೋಯಿಸ್ ಮತ್ತು ಇಲೇನ್ ಇದ್ದ ಆಸ್ಪತ್ರೆಯೂ ಒಂದು.

2010ರ ಅಕ್ಟೋಬರ್‌ನಲ್ಲಿ ಕೇಂದ್ರಕ್ಕೂ ಜಾರ್ಜಿಯಾಕ್ಕೂ ಒಪ್ಪಂದವಾಯಿತು. ಸಮುದಾಯದ ಬೆಂಬಲ ಅಂದರೆ ಏನೇನು ಬೇಕು ಅಂತ ತಿಳಿಯಬೇಕು ಅನ್ನುವವರಿಗೆ ತೀರ್ಪಿಗಿಂತ ಈ ಒಪ್ಪಂದವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನೋದು ನನ್ನ ಅಭಿಪ್ರಾಯ. ತೀವ್ರ ಮಾನಸಿಕ ಕಾಯಿಲೆ ಇರುವ 9,000 ಮಂದಿಗೆ ಆಸ್ಪತ್ರೆಯ ಹೊರಗೆ ಸೇವೆ ಕೊಡಬೇಕು ಅಂತ ಬರೆದರು. ಮನೆಬಾಡಿಗೆಗೆ ನೆರವು. ಕೆಲಸ ಹುಡುಕಿಕೊಟ್ಟು ಅದರಲ್ಲಿ ಉಳಿಯಲು ನೆರವು. ರಾತ್ರಿ ಹೊತ್ತಲ್ಲೂ ಕರೆದರೆ ಮನೆಗೇ ಬರುವ ತುರ್ತು ತಂಡ. ಇವೆಲ್ಲದರ ನಡುವೆ 22 ವಿಶೇಷ ತಂಡಗಳು. ಒಂದೊಂದು ತಂಡದಲ್ಲೂ ಮನೋವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು, ಚೇತರಿಸಿಕೊಂಡ ಅನುಭವಿಗಳು ಇರುತ್ತಾರೆ. ರೋಗಿ ಇವರ ಹತ್ತಿರ ಹೋಗೋದಿಲ್ಲ, ಇವರೇ ರೋಗಿಯ ಮನೆಗೆ ಹೋಗುತ್ತಾರೆ. ಬೌದ್ಧಿಕ ಅಸಾಮರ್ಥ್ಯ ಇರುವವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸೋದನ್ನೇ ನಿಲ್ಲಿಸಬೇಕು, ಒಳಗಿರುವವರನ್ನು ಹೊರಗೆ ತರಬೇಕು ಅಂತಲೂ ಆಯಿತು.

ಈ ಕೊನೆಯದರಲ್ಲೇ ಎಡವಿದ್ದು. ಗಡುವು ಇತ್ತು, ಲೆಕ್ಕ ತೋರಿಸಬೇಕಿತ್ತು. ಜನರನ್ನು ಬೇಗ ಬೇಗ ಸಮುದಾಯದ ಮನೆಗಳಿಗೆ ಸ್ಥಳಾಂತರಿಸಿದರು. ಊಟ ನುಂಗಲು ಕಷ್ಟ ಇರುವವರು, ಫಿಟ್ಸ್ ಬರುವವರು ಇದ್ದರು. ಅವರನ್ನು ನೋಡಿಕೊಳ್ಳುವವರಿಗೆ ಸರಿಯಾದ ತರಬೇತಿ ಇರಲಿಲ್ಲ, ಮೇಲ್ವಿಚಾರಣೆಯೂ ಬಿಗಿ ಇರಲಿಲ್ಲ. ಹೊರಗೆ ಬಂದವರಲ್ಲಿ ಹಲವರು ಸತ್ತರು. ಕೊನೆಗೆ ರಾಜ್ಯವೇ ಕೆಲಕಾಲ ಸ್ಥಳಾಂತರ ನಿಲ್ಲಿಸಬೇಕಾಯಿತು. 2016ರಲ್ಲಿ ಒಪ್ಪಂದವನ್ನು ವಿಸ್ತರಿಸಿ, ಹೊರಗೆ ಹೋದ ಮೇಲೆ ಆರೋಗ್ಯದ ಮೇಲೆ ಹೇಗೆ ಕಣ್ಣಿಡಬೇಕು ಅನ್ನೋದನ್ನು ಹೊಸದಾಗಿ ಸೇರಿಸಿದರು.

ನ್ಯಾಯಮೂರ್ತಿ ಕೆನಡಿ ಹೆದರಿದ್ದು ಇದಕ್ಕೇ. ಈ ಸಾವುಗಳನ್ನು ತೋರಿಸಿ ‘ನೋಡಿ, ಇವರು ಆಸ್ಪತ್ರೆಯಲ್ಲೇ ಚೆನ್ನಾಗಿದ್ದರು’ ಅನ್ನುವವರಿದ್ದಾರೆ. ಆಸ್ಪತ್ರೆಯೊಳಗಿನ 115 ಸಾವುಗಳನ್ನು ಅವರು ಮರೆಯುತ್ತಾರೆ. ಒಳಗೂ ಸತ್ತರು, ಹೊರಗೂ ಸತ್ತರು. ಎರಡು ಕಡೆಯೂ ಕೊರತೆ ಒಂದೇ: ಆ ವ್ಯಕ್ತಿಯನ್ನು ಚೆನ್ನಾಗಿ ಬಲ್ಲ, ಕೆಲಸ ಗೊತ್ತಿರುವ, ಸರಿಯಾದ ಸಂಬಳ ಪಡೆಯುವ ಮನುಷ್ಯರು ಹತ್ತಿರ ಇರಲಿಲ್ಲ.

ದೇಶದ ಮಟ್ಟದಲ್ಲಿ ದುಡ್ಡಿನ ಹರಿವು ತಿರುಗಿದೆ. 2013ರಿಂದ ಮೆಡಿಕೇಡ್‌ನ ದೀರ್ಘಕಾಲದ ಆರೈಕೆಯ ವೆಚ್ಚದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತಿರುವುದು ಮನೆ ಮತ್ತು ಸಮುದಾಯದ ಸೇವೆಗೆ. ಆದರೂ 2024ರಲ್ಲಿ ಸುಮಾರು 7 ಲಕ್ಷ ಜನ ವೇಟಿಂಗ್ ಲಿಸ್ಟ್‌ನಲ್ಲಿದ್ದರು. ‘ಸರಿಯಾದ ವೇಗ’ ಅಂದರೆ ಎಷ್ಟು ಅಂತ ತೀರ್ಪು ಹೇಳಿರಲಿಲ್ಲ.

ನಮ್ಮ ಕಡೆ

ಕರ್ನಾಟಕಕ್ಕೆ ಈ ಪ್ರಕರಣ ದೂರದ್ದೇನಲ್ಲ. ಸಮುದಾಯದಲ್ಲಿ ಬಾಳುವ ಹಕ್ಕನ್ನು ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ 19ನೇ ವಿಧಿಯಲ್ಲಿ ಹೇಳುತ್ತದೆ. ಭಾರತ ಅದನ್ನು 2007ರಲ್ಲೇ ಒಪ್ಪಿತು. ಅಮೆರಿಕ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಸೆಕ್ಷನ್ 19 ಓದಿದರೆ ಇಲೇನ್ ಅವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿದೆ. ಮನೆಯವರಿಲ್ಲ, ಮನೆಯವರು ಒಪ್ಪುತ್ತಿಲ್ಲ, ಮನೆಯೇ ಇಲ್ಲ, ಸಮುದಾಯದಲ್ಲಿ ಸೌಲಭ್ಯವಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಹಾಫ್‌ವೇ ಹೋಮ್ (ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ಇರುವ ಜಾಗ), ಗ್ರೂಪ್ ಹೋಮ್‌ಗಳನ್ನು ಸರ್ಕಾರ ಸ್ಥಾಪಿಸಬೇಕು ಇಲ್ಲ ಬೆಂಬಲಿಸಬೇಕು. ಗುಣವಾದ ಮೇಲೂ ಆಸ್ಪತ್ರೆಯಲ್ಲೇ ಉಳಿದವರ ವಿಷಯ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. ಅವರ ಪುನರ್ವಸತಿಗೆ ಮಾರ್ಗಸೂಚಿ ಜಾರಿ ಮಾಡಿ ಅಂತ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಆದರೆ ನಮ್ಮ ಚಿತ್ರ ಜಾರ್ಜಿಯಾದ್ದಲ್ಲ. ನಮ್ಮಲ್ಲಿ ಲೋಯಿಸ್‌ನಂಥವರಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲಿ ಇಲ್ಲ, ಮನೆಯಲ್ಲೇ ಇದ್ದಾರೆ. ಅಮ್ಮ ನೋಡಿಕೊಳ್ಳುತ್ತಾಳೆ, ಇಲ್ಲವೇ ಅಕ್ಕ. ನಿಮ್ಹಾನ್ಸ್‌ನಂಥ ಕಡೆ ಚಿಕಿತ್ಸೆಗೆ ಸೇರಿದಾಗಲೂ ಮನೆಯವರು ಜೊತೆಗೇ ಉಳಿಯುವ ಪದ್ಧತಿ ಇದೆ. ಅದು ನಮ್ಮ ದೊಡ್ಡ ಬಲ. ಅದನ್ನೇ ನೆಪ ಮಾಡಿಕೊಂಡು ‘ಹೇಗೂ ಮನೆಯವರು ನೋಡ್ಕೋತಾರೆ’ ಅಂತ ಸರ್ಕಾರ ಕೈಚೆಲ್ಲಿದರೆ ಆ ಬಲವೂ ಸೋಲುತ್ತದೆ. ವಿಕಲಚೇತನ ಮಕ್ಕಳ ತಂದೆತಾಯಿ ನಾಲ್ಕು ಜನ ಸೇರಿದ ಕಡೆ ಕೂತು ನೋಡಿ, ಕೊನೆಗೆ ಮಾತು ಬಂದು ನಿಲ್ಲೋದು ಒಂದೇ ಕಡೆ: ನಾವಿಲ್ಲದ ಮೇಲೆ ಇವನಿಗೆ ಯಾರು? ನಮ್ಮಲ್ಲಿ ಎಷ್ಟೋ ಜನ ಸಂಸ್ಥೆಯ ಬಾಗಿಲು ತಟ್ಟೋದು ಆ ದಿನವೇ.

ಇನ್ನೊಂದು ತೊಡಕು ಇದೆ, ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡೋದಿಲ್ಲ. ಲೋಯಿಸ್‌ಗೆ ಇದ್ದದ್ದು ಎರಡು ತೊಂದರೆ. ನಮ್ಮಲ್ಲಿ ಸ್ಕಿಜೋಫ್ರೇನಿಯಾಕ್ಕೆ ಆರೋಗ್ಯ ಇಲಾಖೆ, ಬೌದ್ಧಿಕ ಅಸಾಮರ್ಥ್ಯಕ್ಕೆ ವಿಕಲಚೇತನರ ಇಲಾಖೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯಗಳಿಗೆ ಸಂಬಂಧಿಸಿದ್ದು. ಮಾನಸಿಕ ಕಾಯಿಲೆ ಒಂದೇ ಇದ್ದರೆ ಅದರೊಳಗೆ ಬರೋದಿಲ್ಲ. ಎರಡೂ ಇರುವ ಹೆಣ್ಣುಮಗಳ ತಾಯಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದ ಹಿಡಿದು ಓಡಾಡಬೇಕು.

ಕಟ್ಟಿಕೊಳ್ಳಲು ನಮ್ಮ ಬಳಿ ಏನೂ ಇಲ್ಲ ಅಂತಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇದ್ದಾರೆ, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಊರಿನ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡು, ಮಾಸಾಶನದ ಅರ್ಜಿ ಇವುಗಳಲ್ಲೇ ಅವರ ದಿನ ಕಳೆಯುತ್ತದೆ, ಗೌರವಧನವೂ ಕಡಿಮೆ. ಜಾರ್ಜಿಯಾದ ಆ 22 ತಂಡಗಳು ಮಾಡಿದ್ದು ಮನೆಗೆ ಹೋಗುವ ಕೆಲಸ. ಮನೆಗೆ ಹೋಗುವ ಜನ ನಮ್ಮಲ್ಲಿ ಆಗಲೇ ಇದ್ದಾರೆ. ಅವರಿಗೆ ತರಬೇತಿ, ಹತ್ತಿರದಲ್ಲಿ ಒಬ್ಬ ನರ್ಸ್, ತಿಂಗಳಿಗೆ ಬದುಕುವಷ್ಟು ಸಂಬಳ ಬೇಕು. ಕೆಲವು ಜಿಲ್ಲೆಗಳಲ್ಲಿ ನಡೆಯುವ ಮಾನಸಧಾರಾ ಡೇ ಕೇರ್ ಕೇಂದ್ರಗಳನ್ನು ತಾಲ್ಲೂಕಿಗೆ ಇಳಿಸಬೇಕು. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲೇ ಇದೆ. ಆ ಭತ್ಯೆ ಹಗಲು ಹೊತ್ತಿಗೆ ಒಬ್ಬರು ಸಹಾಯಕರನ್ನು ಇಟ್ಟುಕೊಳ್ಳಲು ಸಾಲುವಷ್ಟು ಇರಬೇಕು.

ನಿಮಗೆ ಗೊತ್ತಿರುವ ಯಾರಾದರೂ ಮಾನಸಿಕ ಆಸ್ಪತ್ರೆಯಲ್ಲಿದ್ದು, ಡಾಕ್ಟರು ‘ಹೋಗಬಹುದು’ ಅಂದ ಮೇಲೂ ಅಲ್ಲೇ ಉಳಿದಿದ್ದರೆ ಒಂದು ದಾರಿ ಇದೆ. 2017ರ ಕಾಯಿದೆಯ ಪ್ರಕಾರ ಅವರು, ಅವರ ನಾಮನಿರ್ದೇಶಿತ ಪ್ರತಿನಿಧಿ, ಅಥವಾ ಅವರ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಅರ್ಜಿ ಕೊಡಬಹುದು. ಸೆಕ್ಷನ್ 27ರ ಪ್ರಕಾರ ಅವರಿಗೆ ಉಚಿತ ಕಾನೂನು ನೆರವು ಸಿಗಬೇಕು, ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಂಡಳಿಗೆ ಕೊಡುವ ಅರ್ಜಿಗೆ ಶುಲ್ಕ ಇಲ್ಲ.